ಅಡುಗೆಮನೆಯಲ್ಲಿ ಒಂದು ಮಾತಿನ ಸೀನ್: ನಾನು ತೆಗೆದ ಬಗೆ

ಕಿರುಚಿತ್ರ ಮಾಡ್ತೀನಿ ಅಂತ ಹೊರಟವರು ಮೊದಲು ವಿಚಾರಿಸುವುದು ಡ್ರೋನ್ ಬಾಡಿಗೆ ಎಷ್ಟು ಅಂತ. ನನ್ನ ಕೇಳಿದರೆ, ಇಬ್ಬರು ಎದುರುಬದುರು ಕೂತು ಮಾತಾಡುವ ಸೀನ್ ಒಂದನ್ನು ಸರಿಯಾಗಿ ತೆಗೆಯಲು ಬಂದರೆ ಅರ್ಧ ಕೆಲಸ ಕಲಿತ ಹಾಗೆ. ನಮ್ಮ ಸಿನಿಮಾಗಳಲ್ಲಿ ಜಾಸ್ತಿ ನಡೆಯುವುದೇ ಮಾತುಕತೆ, ಅಲ್ವಾ? ನಾನು ತೆಗೆದ ಅಂಥದೊಂದು ಸೀನನ್ನೇ ಹಿಡಿದುಕೊಂಡು ಹೇಳುತ್ತೇನೆ.

ಸೀನ್ ಇಷ್ಟೇ. ಅಕ್ಕ ಅಡುಗೆಮನೆ ಟೇಬಲ್ ಮುಂದೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಳೆ. ತಮ್ಮ ಬಂದು ಎದುರು ಕೂತು, ಮನೆ ಮಾರುವ ಅಗ್ರಿಮೆಂಟನ್ನು ಅವಳ ಮುಂದೆ ಸರಿಸುತ್ತಾನೆ.

"ಒಂದು ಸೈನ್ ಹಾಕಕ್ಕ."

"ಕೈಯೆಲ್ಲ ಒದ್ದೆ ಕಣೋ. ಇದು ಮುಗೀಲಿ, ಇರು."

ಇಬ್ಬರೂ ಹವ್ಯಾಸಿ ನಾಟಕದವರು. ಕ್ಯಾಮೆರಾ ನನ್ನ ಫೋನು. ಮೊದಲು ಶಾಟ್ ಡಿವಿಷನ್ ಬರೆದುಕೊಂಡೆ. ಪೂರ್ತಿ ಸೀನನ್ನು ದೂರದಿಂದ ಹಿಡಿಯುವ ಮಾಸ್ಟರ್ ಒಂದು. ಆಮೇಲೆ ಇಬ್ಬರಿಗೂ ಒಂದೊಂದು ಸಜೆಷನ್. ಅಂದರೆ ಒಬ್ಬರ ಹೆಗಲು ಅಂಚಿನಲ್ಲಿ ಕಾಣುತ್ತಾ, ಎದುರಿನವರ ಮುಖ ಸಿಗುವ ಶಾಟ್. ಆಮೇಲೆ ಇಬ್ಬರಿಗೂ ಕ್ಲೋಸ್, ಅಂದರೆ ಫ್ರೇಮ್ ತುಂಬ ಮುಖ. ಕೊನೆಗೆ ಇನ್ಸರ್ಟ್‌ಗಳು: ಅಕ್ಕನ ಬೆರಳು, ಅಗ್ರಿಮೆಂಟ್, ಪೆನ್ನು.

ಈಗ ಗೆರೆಯ ವಿಷಯ. ಅಕ್ಕನ ಮೂಗಿನಿಂದ ತಮ್ಮನ ಮೂಗಿಗೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕ್ಯಾಮೆರಾ ಎಲ್ಲಿ ಇಟ್ಟರೂ ಗೆರೆಯ ಒಂದೇ ಪಕ್ಕದಲ್ಲಿರಬೇಕು. 180 ಡಿಗ್ರಿ ನಿಯಮ ಅನ್ನುವುದು ಇದನ್ನೇ. ನಾನು ಒಲೆ ಕಟ್ಟೆಯ ಪಕ್ಕ ಆರಿಸಿಕೊಂಡೆ. ಹಾಗಾಗಿ ಅಕ್ಕ ಯಾವಾಗಲೂ ಎಡಗಡೆ, ಅವಳದು ಲುಕ್ ರೈಟ್. ತಮ್ಮ ಬಲಗಡೆ, ಅವನದು ಲುಕ್ ಲೆಫ್ಟ್. ಗೆರೆ ದಾಟಿ ಕಿಟಕಿ ಪಕ್ಕದಿಂದ ತಮ್ಮನ ಕ್ಲೋಸ್ ತೆಗೆದರೆ ಅವನೂ ಬಲಕ್ಕೇ ನೋಡುತ್ತಾನೆ. ಎರಡನ್ನೂ ಜೋಡಿಸಿದಾಗ ಬಸ್ಸಿನಲ್ಲಿ ಹಿಂದೆ ಮುಂದೆ ಕೂತವರ ಹಾಗೆ ಕಾಣುತ್ತಾರೆ. ಜಗಳ ಹತ್ತುವುದೇ ಇಲ್ಲ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೇ ಬಿಡುತ್ತೇನೆ. ನೋಡಿದವರು ನಗಲಿ ಬಿಡಿ.

ಗೆರೆ ದಾಟಲೇಬಾರದು ಅಂತೇನಿಲ್ಲ. ಜನರ ಕಣ್ಣೆದುರೇ ದಾಟಬೇಕು, ಅಷ್ಟೇ. ಅಕ್ಕ ಎದ್ದು ತಮ್ಮನ ಹಿಂದಿನ ಸಿಂಕಿಗೆ ಕೈ ತೊಳೆಯಲು ಹೋಗುತ್ತಾಳೆ. ಅಲ್ಲಿ ಕಟ್ ಮಾಡದೆ ಅವಳ ಜೊತೆಗೇ ಪ್ಯಾನ್ ಮಾಡಿದೆ, ಅಂದರೆ ಕ್ಯಾಮೆರಾವನ್ನು ಇದ್ದಲ್ಲೇ ತಿರುಗಿಸಿದೆ. ಈಗ ಅವಳು ಬಲಕ್ಕೆ ಬಂದಳು, ತಮ್ಮ ಕುರ್ಚಿಯಲ್ಲೇ ತಿರುಗಿದ. ಹೊಸ ಗೆರೆ ಬಿತ್ತು. ಅಲ್ಲಿಂದ ಮುಂದೆ ಲುಕ್ ಎಲ್ಲ ಅದಲುಬದಲು.

ನಾಟಕದವರಿಗೆ ಜನರ ಕಡೆ ಮುಖ ಕೊಡುವ ಅಭ್ಯಾಸ. ಕ್ಲೋಸ್ ತೆಗೆಯುವಾಗ ಎದುರಿನ ನಟನನ್ನು ಲೆನ್ಸಿಗೆ ಅಂಟಿಕೊಂಡ ಹಾಗೆ ಕೂರಿಸಿ, ಅವರ ಮಾತನ್ನೂ ಹೇಳಿಸಿದೆ. ಆಗ ಕಣ್ಣು ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತದೆ. ಗಾಳಿ ನೋಡಿಕೊಂಡು ಡೈಲಾಗ್ ಹೇಳಿಸಬೇಡಿ, ಪಾಪ.

ಹುರುಳಿಕಾಯಿ ಕಂಟಿನ್ಯೂಟಿ ಇನ್ನೊಂದು ಕಥೆ. ಒಂದು ಶಾಟ್‌ನಲ್ಲಿ ಕಂಡದ್ದು ಅದಕ್ಕೆ ಕೂಡುವ ಶಾಟ್‌ನಲ್ಲೂ ಹಾಗೇ ಇರಬೇಕು. ಪ್ರತಿ ಟೇಕ್‌ಗೂ ತಟ್ಟೆಯಲ್ಲಿ ರಾಶಿ ಬೆಳೆಯುತ್ತದಲ್ಲ! ಅದಕ್ಕೆ ಶುರುವಿನದು, ನಡುವಿನದು, ಕೊನೆಯದು ಅಂತ ಬೇರೆ ಬೇರೆ ತಟ್ಟೆ ಮಾಡಿಟ್ಟು ಫೋಟೊ ತೆಗೆದುಕೊಂಡೆ. ಅಕ್ಕ "ಇರು" ಅನ್ನುವಾಗಲೇ ಕಾಯಿ ಮುರಿಯಬೇಕು ಅಂತ ಗಟ್ಟಿ ಮಾಡಿದ್ದೆ. ಎಲ್ಲ ಶಾಟ್‌ನಲ್ಲೂ ಅದೇ ಮಾತಿಗೆ ಅದೇ ಕೈ. ಆ ಲಟಕ್ ಮೇಲೆ ಸಜೆಷನ್‌ನಿಂದ ಕ್ಲೋಸಿಗೆ ಕಟ್ ಮಾಡಿದರೆ ಕಟ್ ಆಗಿದ್ದೇ ಗೊತ್ತಾಗುವುದಿಲ್ಲ. ಅದೇ, ಆ್ಯಂಗಲ್ ಬದಲಿಸದೆ ಸುಮ್ನೆ ಒಂದಿಷ್ಟು ಹತ್ತಿರ ಹೋಗಿ ಕಟ್ ಮಾಡಿದರೆ ಜಂಪ್ ಹೊಡೆಯುತ್ತದೆ. ಆ್ಯಂಗಲ್ ಕನಿಷ್ಠ 30 ಡಿಗ್ರಿಯಾದರೂ ಸರಿಯಲಿ.

ಲೈಟಿಗೆ ಕಿಟಕಿ ಸಾಕಾಯಿತು. ಅದು ಇದ್ದದ್ದು ಗೆರೆಯ ಆಚೆ ಪಕ್ಕ. ಹಾಗಾಗಿ ಇಬ್ಬರ ಕೆನ್ನೆಯ ನೆರಳಿನ ಭಾಗ ಕ್ಯಾಮೆರಾ ಕಡೆ ಬಂತು. ಮುಖಕ್ಕೆ ಆಳ ಬರುವುದು ಹಾಗೆಯೇ. ತೀರ ಕಪ್ಪಾದ ಕಡೆ ಥರ್ಮೋಕೋಲ್ ಹಿಡಿಸಿ ಬೌನ್ಸ್ ಕೊಟ್ಟೆ, ಅಂದರೆ ಕಿಟಕಿಯ ಬೆಳಕನ್ನೇ ಮುಖಕ್ಕೆ ತಿರುಗಿಸಿದೆ. ಕಿಟಕಿ ಫ್ರೇಮಿಗೆ ಬಂದು ಬರೀ ಬೆಳ್ಳಗೆ ಸುಟ್ಟುಹೋಗದಿರಲಿ ಅಂತ ಮಾಸ್ಟರನ್ನು ಸ್ವಲ್ಪ ಟಾಪ್‌ನಿಂದ ತೆಗೆದೆ. ಬೌನ್ಸ್ ಅಂದರೆ ಬಡವರ ಲೈಟ್ ಅಂತ ಮೂಗು ಮುರಿಯುವವರಿದ್ದಾರೆ. ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೋ' ಚಿತ್ರದಲ್ಲಿ ಕ್ಯಾಮೆರಾಮನ್ ಸುಬ್ರತ ಮಿತ್ರ ಸ್ಟುಡಿಯೊ ಸೆಟ್ಟಿನ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿ, ಲೈಟನ್ನು ಅದಕ್ಕೆ ಬಡಿಸಿ ಕಾಶಿಯ ಮನೆಯ ಹಗಲು ತಂದರು. ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್'ನಲ್ಲಿ ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ಸ್ಟುಡಿಯೊ ಒಳಕ್ಕೆ ತಿರುಗಿಸಿದರು. ಬಟ್ಟೆ, ಕನ್ನಡಿ ನಿಮ್ಮ ಮನೆಯಲ್ಲೂ ಇದೆ.

ಫೋನಿನಲ್ಲಿ ಆಟೋ ಎಲ್ಲ ಬಂದ್ ಮಾಡಿ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಲಾಕ್. ನಾನು ಇಟ್ಟಿದ್ದು ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು. ನಮ್ಮ ಕರೆಂಟ್ 50 ಹರ್ಟ್ಸ್. ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಅದು ಕಾಣುವುದಿಲ್ಲ, ಬೇರೆ ಏನೋ ಇಟ್ಟರೆ ಗೋಡೆ ಮೇಲೆ ಪಟ್ಟೆ ಓಡುತ್ತದೆ.

ಸೌಂಡಿಗೆ ಕಾಲರ್ ಮೈಕ್. ಸೆಟ್ಟಿನಲ್ಲಿ ಪೈಲಟ್ ಸೌಂಡ್, ಅಂದರೆ ಗುರುತಿಗಷ್ಟೇ ಸೌಂಡ್ ಹಿಡಿದು ಆಮೇಲೆ ಡಬ್ಬಿಂಗ್ ಮಾಡುವುದು ನಮ್ಮ ಕಡೆಯ ಹಳೇ ರೂಢಿ. ಆದರೆ ಇಷ್ಟು ಮೆಲ್ಲಗೆ ಮಾತಾಡುವ ಸೀನಿಗೆ ಸ್ಥಳದ ಸೌಂಡೇ ಚೆಂದ. ಫ್ರಿಜ್ ಆಫ್ ಮಾಡಿ, ಗಾಡಿ ಕೀ ಅದರೊಳಗೇ ಇಟ್ಟೆ. ಹೊರಡುವಾಗ ಕೀ ತೆಗೆಯಬೇಕಲ್ಲ, ಆಗ ಮತ್ತೆ ಆನ್ ಮಾಡುವುದು ನೆನಪಾಗುತ್ತದೆ. ಪಕ್ಕದ ಮನೆ ಕುಕ್ಕರ್‌ಗೆ ಮಾತ್ರ ಮದ್ದಿಲ್ಲ, ವಿಷಲ್ ಮುಗಿಯುವವರೆಗೆ ಕಾಯಬೇಕು. ಪ್ಯಾಕಪ್‌ಗೆ ಮುಂಚೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಖಾಲಿ ಕೋಣೆಯ ಆ್ಯಂಬಿಯೆನ್ಸ್ ಒಂದು ನಿಮಿಷ ಹಿಡಿದೆ. ಕಟ್‌ಗಳ ನಡುವೆ ಸದ್ದು ಹರಿದುಹೋದ ಹಾಗೆ ಕೇಳಬಾರದು ಅಂದರೆ ಅದು ಬೇಕು.

ಎಡಿಟಿಂಗ್‌ನಲ್ಲಿ ನನ್ನ ಪದ್ಧತಿ ಒಂದೇ: ಮಾತಾಡುವವರಿಗಿಂತ ಕೇಳಿಸಿಕೊಳ್ಳುವವರನ್ನು ಜಾಸ್ತಿ ತೋರಿಸು. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬನೇ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದ. ಜನ ಮೊದಲನೆಯದರಲ್ಲಿ ಹಸಿವು, ಎರಡನೆಯದರಲ್ಲಿ ದುಃಖ ಕಂಡರು ಅಂತ ಹೇಳುತ್ತಾರೆ. "ಅಪ್ಪ ಇದ್ದಿದ್ರೆ ಅವರೂ ಒಪ್ಪಿರೋರು" ಅಂತ ತಮ್ಮ ಹೇಳುವಾಗ ನಾನು ತೋರಿಸಿದ್ದು ಅಕ್ಕನ ಬೆರಳು. ಕಾಯಿ ಮುರಿಯುತ್ತಿದ್ದ ಕೈ ನಿಲ್ಲುತ್ತದೆ. ಅವನ ಮಾತು ಮುಗಿದ ಮೇಲೆ ಅವಳ ಮುಖ. ತಮ್ಮನ ಕ್ಲೋಸ್ ಆ ಜಾಗದಲ್ಲಿ ಬೇಕಾಗಲೇ ಇಲ್ಲ.

ಮಾಸ್ಟರ್ ಉಳಿದದ್ದು ಶುರುವಿನಲ್ಲಿ ಮತ್ತು ತಮ್ಮ ಕುರ್ಚಿ ಎಳೆಯುವಾಗ. ಆದರೂ ಮಾಸ್ಟರನ್ನು ಮೊದಲಿನಿಂದ ಕೊನೆವರೆಗೂ ತೆಗೆದಿಟ್ಟುಕೊಳ್ಳಿ. ಎರಡು ಕ್ಲೋಸ್ ಕೂಡದೆ ಒದ್ದಾಡುವಾಗ ನಡುವೆ ತುರುಕಲು ಅದೊಂದೇ ಸಿಗುವುದು.