ಮಸೀದಿಗೆ ನೆರೆಹೊರೆಯವರನ್ನು ಕರೆಯುವ ಕೆಲಸ: ಒಬ್ಬ ಖತೀಬನ ಅನುಭವ

ಬೆಂಗಳೂರಿನ ಬಡಾವಣೆಗಳಲ್ಲಿ ಮಸೀದಿಯ ಮೇಲೆ ಅಕ್ಕಪಕ್ಕದವರಿಗಿರುವ ಮೊದಲ ತಕರಾರು ಶುಕ್ರವಾರ ಅವರ ಮನೆ ಗೇಟಿಗೆ ಅಡ್ಡ ನಿಲ್ಲುವ ಸ್ಕೂಟರಿನದು. ಅದನ್ನು ಹಾಗೇ ಬಿಟ್ಟು, ಮಸೀದಿಯೊಳಗೆ ಬಂದು ನಮಾಜು ನೋಡಿ ಎಂದು ಸೌಹಾರ್ದ ಕೂಟಕ್ಕೆ ಕರೆದರೆ ಬಂದವರು ನಕ್ಕು, ಟೀ ಕುಡಿದು ಹೋಗುತ್ತಾರೆ ಅಷ್ಟೆ. ಆದ್ದರಿಂದ ನಮ್ಮ ಕೆಲಸ ಜುಮಾದಿಂದಲೇ, ಅಂದರೆ ಶುಕ್ರವಾರ ಮಧ್ಯಾಹ್ನದ ಸಾಮೂಹಿಕ ನಮಾಜಿನಿಂದಲೇ ಶುರು. ಹನ್ನೆರಡೂವರೆಯಿಂದ ಎರಡರವರೆಗೆ ರಸ್ತೆಯ ಎರಡೂ ತುದಿಗೆ ಇಬ್ಬಿಬ್ಬರು ಹುಡುಗರು ನಿಲ್ಲುತ್ತಾರೆ. ಖುತ್ಬಾಕ್ಕೆ (ಜುಮಾದ ಪ್ರವಚನ, ಅದನ್ನು ಕೊಡುವವನೇ ಖತೀಬ) ಮುಂಚಿನ ಉಪದೇಶದ ಮಾತು, ಅಂದರೆ ಬಯಾನ್‌ನಲ್ಲಿ ಗಾಡಿ ವಿಷಯ ಪ್ರತಿ ವಾರ ಹೇಳಲೇಬೇಕು. ಒಂದು ವಾರ ತಪ್ಪಿದರೆ ಗಾಡಿಗಳು ಮತ್ತೆ ಗೇಟಿನ ಮುಂದೆ. ಬಕ್ರೀದ್‌ಗೆ ಮುಂಚೆಯೇ ಪಾಲಿಕೆಯವರನ್ನು ಕಂಡು ತ್ಯಾಜ್ಯದ ಗಾಡಿ ಗೊತ್ತುಮಾಡಿಕೊಳ್ಳುವುದೂ ಇದೇ ಕೆಲಸದ ಭಾಗ.

ಎರಡನೆಯದು ನಮ್ಮವರನ್ನೇ ಒಪ್ಪಿಸುವುದು. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಸಾಬ್ ಹೂಂ ಅಂದರೂ ಜಮಾತಿನ (ಮಸೀದಿಗೆ ಸೇರಿದ ಸಮುದಾಯದ) ಹಿರಿಯರೊಬ್ಬರು ‘ಬೇರೆಯವರು ಒಳಗೆ ಬರಬಹುದಾ?’ ಎಂದು ಕೇಳೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ. ಇಲ್ಲಿ ಹೆಚ್ಚಿನವರು ಪಾಲಿಸುವ ಹನಫಿ ಪಂಥದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಕರಾವಳಿ, ಕೇರಳದ ಕಡೆಯವರ ಶಾಫಿ ಪಂಥದಲ್ಲಿ ಮುಸ್ಲಿಮರ ಅನುಮತಿ ಇದ್ದರೆ ಸಾಕು, ಮಕ್ಕಾದ ಪವಿತ್ರ ಕ್ಷೇತ್ರವಾದ ಹರಮ್ ಮಾತ್ರ ಬೇರೆ. ಅರೇಬಿಯಾದ ನಜ್ರಾನಿನ ಕ್ರೈಸ್ತ ನಿಯೋಗವನ್ನು ಪ್ರವಾದಿಯವರು ಮದೀನಾದ ಮಸೀದಿಯಲ್ಲೇ ಬರಮಾಡಿಕೊಂಡದ್ದು ಸೀರತ್ ಗ್ರಂಥಗಳಲ್ಲಿ, ಅಂದರೆ ಅವರ ಜೀವನಚರಿತ್ರೆಗಳಲ್ಲಿದೆ. ಇಷ್ಟು ಹೇಳಿದ ಮೇಲೂ ಒಪ್ಪದವರನ್ನು ಒತ್ತಾಯಿಸುವುದು ಬೇಡ. ಆ ದಿನ ಅವರು ಮುನಿಸಿಕೊಂಡು ಮೂಲೆಯಲ್ಲಿ ಕೂತರೆ ಬಂದವರಿಗೆ ಕಾಣುವುದು ಆ ಮುಖವೇ.

ಕರೆಯುವುದು 25–30 ಜನರನ್ನು, ಹೆಚ್ಚಾದರೆ ಅದು ಸಭೆಯಾಗುತ್ತದೆ. ವಾಟ್ಸಾಪ್ ಆಮಂತ್ರಣ ಕೆಲಸಕ್ಕೆ ಬಾರದು, ಮನೆಮನೆಗೆ ಹೋಗಬೇಕು. ಹೋಗುವಾಗ ನಮ್ಮ ಮನೆಯ ಹೆಂಗಸರೊಬ್ಬರು ಜೊತೆಗಿದ್ದರೆ ಆ ಮನೆಯ ಅಮ್ಮನವರೂ ಬರುತ್ತಾರೆ. ದರ್ಶಿನಿಯವರು, ಹೂ ಮಾರುವವರು, ಅಪಾರ್ಟ್‌ಮೆಂಟ್ ಸಂಘದವರು, ಅರ್ಚಕರು, ಚರ್ಚಿನ ಫಾದರ್, ಎಲ್ಲರೂ ಒಂದೇ ಜಮಖಾನೆ ಮೇಲೆ. ಮಂಡಿನೋವಿನವರಿಗೆ ಗೋಡೆ ಪಕ್ಕ ಕುರ್ಚಿ. ವೇದಿಕೆ, ಹಾರ, ಶಾಲು ಬೇಡ. ರಾಜಕಾರಣಿಗಳು ಬೇಡವೇ ಬೇಡ. ಅವರು ಬಂದರೆ ಮರುದಿನದ ಸುದ್ದಿ ಅವರದು, ಮಸೀದಿ ಬರೀ ಹಿನ್ನೆಲೆ. ಠಾಣೆಗೆ ಒಂದು ಪತ್ರ ಕೊಟ್ಟಿರಿ.

ಯಾವ ನಮಾಜಿಗೆ ಕರೆಯಬೇಕು ಎಂಬುದು ಸಣ್ಣ ವಿಷಯವಲ್ಲ. ಸೂರ್ಯಾಸ್ತದ ನಮಾಜಾದ ಮಗ್ರಿಬ್‌ನಲ್ಲಿ ಪಠಣ ಜೋರಾಗಿ ಕೇಳುತ್ತದೆ, ಮೂರೇ ರಕಅತ್ (ನಮಾಜಿನ ಒಂದು ಸುತ್ತು), ಅದಕ್ಕೇ ಎಲ್ಲರೂ ಅದನ್ನು ಆರಿಸುತ್ತಾರೆ. ಆದರೆ ಅದು ಹಿಂದೂ ಮನೆಗಳಲ್ಲಿ ದೀಪ ಹಚ್ಚುವ ಹೊತ್ತು, ಹೆಂಗಸರು ಬರುವುದಿಲ್ಲ. ಭಾನುವಾರದ ಅಸರ್, ಅಂದರೆ ಇಳಿಹೊತ್ತಿನ ನಮಾಜು, ನನಗೆ ಸರಿಕಂಡಿದೆ. ನಾಲ್ಕು ಗಂಟೆಗೆ ಬಂದವರು ದೀಪದ ಹೊತ್ತಿಗೆ ಮನೆ ಸೇರಬಹುದು. ಅಸರ್‌ನ ನಾಲ್ಕು ರಕಅತ್‌ನಲ್ಲಿ ಪಠಣ ಕೇಳುವುದಿಲ್ಲ, ‘ಅಲ್ಲಾಹು ಅಕ್ಬರ್’ ಎನ್ನುವ ತಕ್ಬೀರ್ ಮಾತ್ರ. ಹಾಗಾಗಿ ರುಕು (ಬಾಗುವುದು) ಎಂದರೇನು, ಸಜ್ದಾದಲ್ಲಿ (ಹಣೆ ನೆಲಕ್ಕಿಡುವಾಗ) ಏನು ಹೇಳುತ್ತೇವೆ ಎಂಬುದನ್ನು ಮೊದಲೇ ತಿಳಿಸಿಡಬೇಕು, ಇಲ್ಲವಾದರೆ ಅವರಿಗೆ ಅದು ಬರೀ ಕವಾಯತು.

ಅದಕ್ಕೂ ಮುಂಚೆ ವುಝೂ, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವುದು. ಸಾಲು ನಲ್ಲಿಗಳ ಮುಂದೆ ಕೂರಿಸಿ ತೋರಿಸಿದರೆ ನೀರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಒಂದು ಬೇಸಿನ್, ಮುಕ್ಕಾಲು ಲೀಟರ್ ಹಿಡಿಯುವ ಒಂದು ಮಗ್ಗು ಸಾಕು. ಮುಂಗೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ಕೈ, ತಲೆಗೆ ಒದ್ದೆ ಕೈ ಸವರುವುದು, ಕೊನೆಗೆ ಹರಡಿನವರೆಗೆ ಪಾದ. ಪ್ರವಾದಿಯವರು ವುಝೂಗೆ ಒಂದು ಮುದ್, ಅಂದರೆ ಸುಮಾರು ಇಷ್ಟೇ ನೀರು ಬಳಸುತ್ತಿದ್ದರು ಎಂದು ಹೇಳಿದಾಗ, ಟ್ಯಾಂಕರ್ ನೀರಿಗೆ ದುಡ್ಡು ಸುರಿಯುವ ಬೆಂಗಳೂರಿಗರು ತಲೆಯಾಡಿಸುತ್ತಾರೆ. ನಮ್ಮ ಜಮಾತಿನವರೂ ಆಮೇಲೆ ನಲ್ಲಿ ಸ್ವಲ್ಪ ಸಣ್ಣಗೆ ತಿರುಗಿಸುತ್ತಾರೆ, ಅದೊಂದು ಲಾಭ.

ವಿವರಣೆ ಕನ್ನಡದಲ್ಲೇ ಇರಬೇಕು. ನಗರದ ಎಷ್ಟೋ ಇಮಾಮರು ಬಿಹಾರ, ಉತ್ತರ ಪ್ರದೇಶದ ಕಡೆಯವರು, ಅವರಿಗೆ ಕನ್ನಡ ಬಾರದು. ಅವರು ಉರ್ದುವಿನಲ್ಲಿ ಹೇಳಿ ಇನ್ನೊಬ್ಬರು ಅನುವಾದಿಸಿದರೆ ಅರ್ಧ ಗಂಟೆಯದು ಒಂದು ಗಂಟೆಯಾಗಿ ಎಲ್ಲರೂ ಗಡಿಯಾರ ನೋಡುತ್ತಾರೆ. ಇಮಾಮರು ನಮಾಜು ಮಾಡಿಸಲಿ, ಮಾತು ಇಲ್ಲೇ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರದಿರಲಿ. ಕುರ್‌ಆನಿನ ಕನ್ನಡ ಅನುವಾದ ಕೈಗಿಟ್ಟುಕೊಂಡು 49ನೇ ಅಧ್ಯಾಯದ 13ನೇ ವಚನ ಓದಿದರೆ ಸಾಕು: ನಿಮ್ಮನ್ನು ಜನಾಂಗಗಳಾಗಿ, ಕುಲಗಳಾಗಿ ಮಾಡಿದ್ದು ಪರಸ್ಪರ ಅರಿಯಲೆಂದು. ಇಸ್ಲಾಮಿಗೆ ಕರೆಯುವ ಕರಪತ್ರವನ್ನು ಆ ದಿನ ಹಂಚಲೇಬಾರದು. ಕೈಗೆ ಅದು ಬಂದ ಕ್ಷಣ ನೆರೆಯವರು ಗಿರಾಕಿಗಳಾಗುತ್ತಾರೆ.

ಪ್ರಶ್ನೆಗಳಲ್ಲಿ ಧ್ವನಿವರ್ಧಕದ್ದು ಖಾಯಂ. ಸುತ್ತುಬಳಸು ಬೇಡ. ನಮಾಜಿನ ಕರೆಯಾದ ಅಝಾನ್ ಎರಡು ಮೂರು ನಿಮಿಷದ್ದು; ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಿನ ಧ್ವನಿವರ್ಧಕಕ್ಕೆ ನಿಷೇಧವಿದೆ; ಬೆಂಗಳೂರಿನಲ್ಲಿ ಫಜ್ರ್ (ಮುಂಜಾವಿನ ನಮಾಜು) ಸಮಯ ವರ್ಷವಿಡೀ 6ಕ್ಕೆ ಮುಂಚೆಯೇ ಶುರುವಾಗುತ್ತದೆ, ಆದ್ದರಿಂದ ಆ ಹೊತ್ತಿನ ಅಝಾನ್ ಒಳಗಿನ ಸ್ಪೀಕರಿನಲ್ಲಿ. ತಲಾಖ್, ಜಿಹಾದ್, ಗೋಮಾಂಸ ಎಲ್ಲವೂ ಬರುತ್ತವೆ, ಬರಲಿ. ಗೊತ್ತಿಲ್ಲದ್ದನ್ನು ಪುಸ್ತಕದಲ್ಲಿ ಬರೆದುಕೊಂಡು, ವಾರದೊಳಗೆ ಕೇಳಿದವರ ಮನೆಗೇ ಹೋಗಿ ಉತ್ತರ ಹೇಳಿ. ಸಜ್ದಾದ ಹೊತ್ತಿಗೆ ಮೊಬೈಲ್ ಬೇಡವೆಂದು ಮೊದಲೇ ವಿನಂತಿಸಿ. ನಮ್ಮ ಹುಡುಗರ ರೀಲ್ಸ್ ಹುಚ್ಚಿಗೂ ಅದೇ ಕಟ್ಟು.

ತಿಂಡಿ ಸಸ್ಯಾಹಾರಿಯಾದರೆ ಸಾಲದು. ಮನೆ ಪಾತ್ರೆಯಲ್ಲಿ ಮಾಡಿದ್ದನ್ನು ಕೆಲವರು ಮುಟ್ಟುವುದಿಲ್ಲ, ಮುಜುಗರದಿಂದ ಹೇಳುವುದೂ ಇಲ್ಲ. ಬಾಳೆಹಣ್ಣು, ಖರ್ಜೂರ, ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟು, ಪೊಟ್ಟಣ ಅವರೆದುರೇ ಒಡೆಯಿರಿ. ಜೈನರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು. ಸಂಕಷ್ಟಿ, ಏಕಾದಶಿ ಕ್ಯಾಲೆಂಡರಿನಲ್ಲಿ ನೋಡಿಕೊಂಡೇ ದಿನ ಗೊತ್ತುಮಾಡಿ.

ಸೌಹಾರ್ದ ಎಂದ ಕೂಡಲೇ ಬೆಂಗಳೂರು ಕರಗ ಉತ್ಸವದ ಮಾತನ್ನು ಎಲ್ಲರೂ ಎತ್ತುತ್ತಾರೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವುದು ನಿಜಕ್ಕೂ ದೊಡ್ಡದು. ಆದರೆ ದರ್ಗಾ ಪದ್ಧತಿಯನ್ನು (ಸಂತರ ಸಮಾಧಿಗೆ ನಡೆದುಕೊಳ್ಳುವುದನ್ನು) ಒಪ್ಪದ ಮಸೀದಿಗಳೂ ಇವೆ. ಅಲ್ಲಿ ಅದನ್ನೇ ಮುಂದಿಟ್ಟರೆ ನಮ್ಮೊಳಗೇ ವಾದ ಹೊತ್ತುತ್ತದೆ, ಅತಿಥಿಗಳು ಸಾಕ್ಷಿಗಳಾಗುತ್ತಾರೆ.

ದೇವಸ್ಥಾನದವರು ಮರಳಿ ಕರೆದಾಗ ಹೋಗಬೇಕು. ಹೋಗುವ ಮುನ್ನ ಅರ್ಚಕರ ಹತ್ತಿರ ನೇರವಾಗಿ ಮಾತಾಡಿಕೊಳ್ಳಿ: ‘ಸ್ವಾಮಿ, ಕೂತು ಕೇಳುತ್ತೇನೆ, ಎಲ್ಲ ನೋಡುತ್ತೇನೆ. ಕುಂಕುಮ, ಮಂಗಳಾರತಿ ತಗೊಳ್ಳಲಾಗದು, ತಪ್ಪು ತಿಳಿಯಬೇಡಿ.’ ಪ್ರಸಾದದ ಬಗ್ಗೆ ಉಲೇಮಾಗಳಲ್ಲಿ (ಧರ್ಮವಿದ್ವಾಂಸರಲ್ಲಿ) ಒಮ್ಮತವಿಲ್ಲ, ಅದನ್ನೂ ಮೊದಲೇ ಹೇಳಿಬಿಡಿ. ಹೇಳದೆ ಹೋಗಿ, ತಟ್ಟೆ ಮುಂದೆ ಬಂದಾಗ ಕೈ ಹಿಂದೆಳೆದರೆ ನೂರು ಜನರ ಎದುರು ಅವರಿಗೆ ಅವಮಾನ. ಮೊದಲೇ ಗೊತ್ತಿದ್ದ ಅರ್ಚಕರು ತಟ್ಟೆಯನ್ನು ನಮ್ಮ ಮುಂದೆ ತರುವುದೇ ಇಲ್ಲ, ಮಾತು ಮುಂದುವರಿಯುತ್ತದೆ.