ಬೊಂಬೆ ಕುದುರೆಗೂ ಒಂದು ಸ್ಟಡ್ ಬುಕ್: ನಾನು ತಪಾಸಣೆ ಮಾಡುವ ರೀತಿ

ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ರೇಸ್ ಕುದುರೆಗಳ ಸ್ಟಡ್ ಫಾರ್ಮ್ ಇರುವುದು ಎಲ್ಲರಿಗೂ ಗೊತ್ತು. ರೇಸ್ ಕುದುರೆಯ ಮರಿ ಅಂದಮೇಲೆ ಅಪ್ಪ ಯಾರು, ಅಮ್ಮ ಯಾರು, ಯಾವ ಕಾಲು ಬಿಳಿ, ಸುಳಿ ಎಲ್ಲಿದೆ ಎಂದೆಲ್ಲ ಸ್ಟಡ್ ಬುಕ್ ಎಂಬ ವಂಶಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಅದೇ ಕೆಲಸವನ್ನು ನಾವೊಂದಿಷ್ಟು ಜನ ಬೊಂಬೆ ಕುದುರೆಗಳಿಗೆ ಮಾಡುತ್ತೇವೆ. ಪ್ಲಾಸ್ಟಿಕ್ಕಿನವು, ರೆಸಿನ್‌ನವು. ತಳಿ, ತಂದೆ-ತಾಯಿ, ಹುಟ್ಟಿದ ತಿಂಗಳು ಎಲ್ಲವನ್ನೂ ಮಾಲೀಕರೇ ಗೊತ್ತು ಮಾಡಿ ಅರ್ಜಿ ಕೊಡುತ್ತಾರೆ. ಅಂಥ ಕುದುರೆ ನಿಜಕ್ಕೂ ಹುಟ್ಟಬಹುದಿತ್ತಾ ಎಂದು ನೋಡುವುದು ನನ್ನ ಪಾಲಿನ ಕೆಲಸ. ನಮ್ಮ ಮನೆಯ ಊಟದ ಮೇಜೇ ಆಫೀಸು. ಮನೆಯವರು ನಗುತ್ತಾರೆ, ನಗಲಿ.

ಬಣ್ಣವನ್ನು ನಾನು ಕೊನೆಗೆ ನೋಡುತ್ತೇನೆ. ಬಣ್ಣ ಚೆನ್ನಾಗಿದ್ದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಉಳಿದದ್ದು ಕಾಣುವುದಿಲ್ಲ.

ಮೊದಲು ಎತ್ತರ. ತಲೆಯವರೆಗೆ ಅಳೆಯುವುದಲ್ಲ, ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನವರೆಗೆ. ಬ್ರೇಯರ್ ಕಂಪನಿಯ ದೊಡ್ಡ ಮಾಡೆಲ್‌ಗಳು ಸುಮಾರು 1:9 ಅಳತೆಯವು. ಕುದುರೆಯ ಎತ್ತರವನ್ನು ಹ್ಯಾಂಡ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಹ್ಯಾಂಡ್‌ಗೆ ನಾಲ್ಕು ಇಂಚು; ಹದಿನಾರು ಹ್ಯಾಂಡ್ ಎತ್ತರದ ಕುದುರೆ ಅಂದರೆ 64 ಇಂಚು. ಮೇಜಿನ ಮೇಲೆ ಅದು 18 ಸೆಂಟಿಮೀಟರ್ ಆಸುಪಾಸು ಬರಬೇಕು. ತಲೆ ಎತ್ತಿ ನಿಂತ ಕುದುರೆ ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಸ್ಕೇಲು ಹಿಡಿದರೆ ನಿಜ ಗೊತ್ತಾಗುತ್ತದೆ.

ಆಮೇಲೆ ಕಾಲು. ಜಾಸ್ತಿ ಹೊತ್ತು ಹೋಗುವುದು ಇಲ್ಲೇ. ತಿಪಟೂರಿನ ಹುಡುಗನೊಬ್ಬ ತಾನೇ ಬಣ್ಣ ಹಾಕಿದ ಕುದುರೆ ತಂದಿದ್ದ. ಅರ್ಜಿಯಲ್ಲಿ ತಳಿ ಥರೋಬ್ರೆಡ್ (ರೇಸ್ ಕುದುರೆಯ ತಳಿ), ಟ್ರಾಟ್ ಓಟ ಎಂದಿತ್ತು. ಮುಖದ ನರಗಳು, ಮೂಗಿನ ಹೊಳ್ಳೆಯೊಳಗಿನ ಕೆಂಪು, ಎಲ್ಲ ಅಷ್ಟು ನಾಜೂಕು.

“ಅಣ್ಣಾ, ಬಣ್ಣಕ್ಕೇ ಎಷ್ಟು ರಾತ್ರಿ ಕೂತಿದ್ದೀನಿ ಗೊತ್ತಾ?”

“ಕಾಣ್ತಾ ಇದೆಯಪ್ಪ. ಮೊದಲು ಕಾಲು ನೋಡೋಣ, ತಡಿ.”

ಟ್ರಾಟ್‌ನಲ್ಲಿ ಎಡ ಮುಂಗಾಲು, ಬಲ ಹಿಂಗಾಲು ಜೊತೆಗೇ ಮುಂದೆ ಹೋಗುತ್ತವೆ. ಇವನದರಲ್ಲಿ ಎಡಗಡೆಯ ಎರಡೂ ಕಾಲು ಮುಂದಿದ್ದವು. ಅದು ಪೇಸ್ ಎಂಬ ಬೇರೆ ಓಟ. ಹಾಗೆ ಓಡುವ ಕುದುರೆ ಇಲ್ಲವೆಂದಲ್ಲ, ಅಮೆರಿಕದ ಸ್ಟಾಂಡರ್ಡ್‌ಬ್ರೆಡ್‌ಗಳಲ್ಲಿ ಎಷ್ಟೋ ಹಾಗೇ ಓಡುತ್ತವೆ, ಹಿಂದೆ ಗಾಡಿ ಕಟ್ಟಿಕೊಂಡು. ತಳಿ ಬದಲಿಸಿದರೆ ಸಾಕು ಎಂದೆ. ಮುಖ ಸಪ್ಪಗಾಯಿತು, ಆದರೂ ಒಪ್ಪಿಕೊಂಡ.

ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ಕುದುರೆ ಬೇ ಬಣ್ಣದ್ದು: ಕಂದು ಮೈ, ಕಪ್ಪು ಬಾಲ, ಕಪ್ಪು ಕಾಲು. ಅಪ್ಪ-ಅಮ್ಮ ಇಬ್ಬರೂ ಚೆಸ್ಟ್‌ನಟ್ ಎಂದು ಬರೆದಿದ್ದ, ಅಂದರೆ ಎಲ್ಲೂ ಕಪ್ಪಿಲ್ಲದ ಕೆಂಪು. ಎರಡು ಚೆಸ್ಟ್‌ನಟ್ ಸೇರಿದರೆ ಬೇ ಮರಿ ಹುಟ್ಟುವುದಿಲ್ಲ. ಆ ಕಪ್ಪು ಯಾರಾದರೂ ಒಬ್ಬರಿಂದ ಬರಲೇಬೇಕು, ಅಲ್ವಾ? ತಾಯಿಯ ಜಾಗಕ್ಕೆ ಬೇ ಬಣ್ಣದ ಇನ್ನೊಂದು ಕುದುರೆಯ ಹೆಸರು ಹಾಕಿಸಿ ನೋಂದಣಿ ನಂಬರ್ ಕೊಟ್ಟೆ.

ಗ್ರೇ ಕುದುರೆಗಳದ್ದೂ ಇಂಥದೇ ಕಥೆ. ಹಾಲು ಬಿಳುಪಿನ ಪುಟ್ಟ ಮರಿ ತಂದು ಗ್ರೇ ಎನ್ನುತ್ತಾರೆ. ಗ್ರೇ ಮರಿ ಹುಟ್ಟುವಾಗ ಕಪ್ಪೋ ಕೆಂಪೋ ಇದ್ದು, ವರ್ಷ ಕಳೆದಂತೆ ಬೆಳ್ಳಗಾಗುತ್ತದೆ. ಒಂದೇ ತಾಯಿಗೆ ಜನವರಿಯಲ್ಲೊಂದು, ಜುಲೈನಲ್ಲೊಂದು ಮರಿ ಬರೆದವರೂ ಇದ್ದಾರೆ. ಕುದುರೆಗೆ ಗಬ್ಬವೇ ಹನ್ನೊಂದು ತಿಂಗಳು, ಸ್ವಾಮಿ!

ತಳಿ ಲಕ್ಷಣದಲ್ಲಿ ಕೆಲವಕ್ಕೆ ರಿಯಾಯಿತಿ ಇಲ್ಲ. ಮಾರ್ವಾಡಿ ಕುದುರೆಯ ಕಿವಿ ಒಳಕ್ಕೆ ಬಾಗಿ ತುದಿ ತುದಿ ತಾಗುವಂತಿರಬೇಕು. ನೆಟ್ಟಗಿನ ಕಿವಿ ಇಟ್ಟು ಮಾರ್ವಾಡಿ ಎಂದರೆ ವಾಪಸ್. ಫ್ರೀಸಿಯನ್ ಅಂದರೆ ಕಪ್ಪು, ಹಣೆಯಲ್ಲೊಂದು ಚಿಕ್ಕ ಬಿಳಿ ಚುಕ್ಕೆ ಇದ್ದರೆ ಪರವಾಗಿಲ್ಲ. ಬಿಳಿ ಸಾಕ್ಸ್ ಹಾಕಿದಂಥ ಕಾಲಿದ್ದರೆ ಆಗುವುದಿಲ್ಲ. ಮೈಮೇಲೆ ಗೀಚು ಬಿದ್ದಿದ್ದರೆ, ಕಿವಿ ತುದಿಯ ಬಣ್ಣ ಎದ್ದಿದ್ದರೆ ನನ್ನದೇನೂ ತಕರಾರಿಲ್ಲ. ಅದನ್ನೆಲ್ಲ ಬೊಂಬೆ ಕುದುರೆ ಷೋಗಳ ಜಡ್ಜ್ ನೋಡಿಕೊಳ್ಳಲಿ.

ದೂರದವರು ಫೋಟೋ ಕಳಿಸುತ್ತಾರೆ. ಮುಕ್ಕಾಲು ಪಾಲು ಜನ ಮೊಬೈಲನ್ನು ಮೂತಿಯ ಹತ್ತಿರವೇ ಹಿಡಿದು ತೆಗೆಯುತ್ತಾರೆ. ತಲೆ ಕುಂಬಳಕಾಯಿಯಷ್ಟಾಗಿ, ಹಿಂಭಾಗ ಸಣ್ಣದಾಗಿ ಬರುತ್ತದೆ. ಅದನ್ನು ನೋಡಿ ಯಾವ ತಳಿ ಎಂದು ಹೇಳುವುದು? ಕುದುರೆಯ ಹೊಟ್ಟೆಯ ಮಟ್ಟಕ್ಕೆ ಮೊಬೈಲ್ ಹಿಡಿಯಿರಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಝೂಮ್ ಮಾಡಿ. ಎರಡೂ ಪಕ್ಕ, ಎದುರು, ಹಿಂದೆ ಒಂದೊಂದು ಬೇಕು. ಪಕ್ಕದಲ್ಲಿ ಸ್ಕೇಲು ನಿಲ್ಲಿಸಿದ್ದರೆ ಅರ್ಜಿ ಬೇಗ ಮುಗಿಯುತ್ತದೆ.