4 ಜಿಬಿ ಲ್ಯಾಪ್‌ಟಾಪಿನಲ್ಲಿ ಜಾವಾ: ಐಡಿಇ ಬಿಟ್ಟು ಜೀನಿಗೆ ಬಂದೆ

ತುಮಕೂರಿನ ಎಸ್.ಎಸ್. ಪುರಂ ರೂಮಿನಲ್ಲಿ ನನ್ನ ಹತ್ತಿರ ಇರುವುದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಜಾವಾ ಪ್ರೋಗ್ರಾಂ ಬರೆಯಲು ದೊಡ್ಡ ಐಡಿಇ (ಕೋಡ್ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲಾ ಒಂದೇ ಕಡೆ ಇರುವ ಸಾಫ್ಟ್‌ವೇರ್) ತೆರೆದರೆ, ಒತ್ತಿದ ಅಕ್ಷರ ಪರದೆ ಮೇಲೆ ಬರಲು ಎರಡು ಸೆಕೆಂಡ್ ಬೇಕಿತ್ತು.

ಬ್ರೌಸರ್ ಮುಚ್ಚಿದೆ, ಬೇಡದ ಪ್ಲಗಿನ್ ತೆಗೆದೆ. ಏನೂ ಆಗಲಿಲ್ಲ. ಐಡಿಇಗೆ ಕೊಡುವ ಮೆಮೊರಿಯನ್ನು 2 ಜಿಬಿಗೆ ಏರಿಸಿದರೆ ಇನ್ನೂ ನಿಧಾನವಾಯಿತು. ಉಳಿದದ್ದು ವಿಂಡೋಸ್‌ಗೇ ಸಾಲುತ್ತಿರಲಿಲ್ಲ. ನೋಟ್‌ಪ್ಯಾಡಿನಲ್ಲಿ ಬರೆದರೆ ಫೈಲ್ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡು ಕೋಡನ್ನು ಓಡಿಸಬಹುದಾದ ರೂಪಕ್ಕೆ ಬದಲಿಸುವ ಕಂಪೈಲರ್‌ಗೆ ಫೈಲೇ ಸಿಗುತ್ತಿರಲಿಲ್ಲ.

ಕೆಲಸ ಮಾಡಿದ್ದು ಜೀನಿ (Geany) ಎಂಬ ಉಚಿತ ಕೋಡ್ ಎಡಿಟರ್. ಕ್ರಮ ಮುಖ್ಯ. ಮೊದಲು ಜೆಡಿಕೆ (ಜಾವಾ ಕಂಪೈಲರ್ ಇರುವ ಪ್ಯಾಕೇಜ್) ಹಾಕಿ. ಅದರ ಬಿನ್ ಫೋಲ್ಡರನ್ನು ವಿಂಡೋಸ್‌ನ ಪಾತ್ ವೇರಿಯಬಲ್‌ಗೆ (ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿಗೆ) ಸೇರಿಸಿ. ಆಮೇಲೆ ಜೀನಿ ತೆರೆಯಿರಿ. ಮೊದಲೇ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ, ಇಲ್ಲದಿದ್ದರೆ ಹೊಸ ಪಾತ್ ಅದಕ್ಕೆ ಗೊತ್ತಾಗುವುದಿಲ್ಲ. ನನ್ನ ಒಂದು ಸಂಜೆ ಪೂರ್ತಿ ಹೋದದ್ದು ಇಲ್ಲೇ. ಫೈಲನ್ನು ಡಾಟ್ ಜಾವಾ ಎಂದು ಸೇವ್ ಮಾಡಿ. ಕ್ಲಾಸಿನ ಹೆಸರೂ ಫೈಲಿನ ಹೆಸರೂ ಒಂದೇ ಇರಲಿ, ಕ್ಯಾಪಿಟಲ್ ಅಕ್ಷರ ಕೂಡ. ಎಫ್8 ಒತ್ತಿದರೆ ಕಂಪೈಲ್, ಎಫ್5 ಒತ್ತಿದರೆ ರನ್. ತಪ್ಪಿದ್ದರೆ ಕೆಳಗೆ ಕೆಂಪು ಸಾಲು ಬರುತ್ತದೆ, ಅದನ್ನು ಕ್ಲಿಕ್ ಮಾಡಿದರೆ ಕೋಡಿನ ಅದೇ ಸಾಲಿಗೆ ಹೋಗುತ್ತದೆ.

ಫೈಲ್ ಜಾಸ್ತಿ ಇರುವ ಪ್ರಾಜೆಕ್ಟ್‌ಗೆ, ಬ್ರೇಕ್‌ಪಾಯಿಂಟ್ ಇಟ್ಟು, ಅಂದರೆ ಪ್ರೋಗ್ರಾಂ ಅನ್ನು ಮಧ್ಯದಲ್ಲಿ ನಿಲ್ಲಿಸಿ ನೋಡಿ, ಹುಡುಕಬೇಕಾದ ಬಗ್‌ಗೆ ಐಡಿಇ ಬೇಕೇ ಬೇಕು. ಅದಕ್ಕೆ ಲ್ಯಾಬಿನ ಕಂಪ್ಯೂಟರ್ ಬಳಸುತ್ತೇನೆ.